ಮೊದಲ ಪಂಕ್ತಿಯ ಮರ್ಯಾದೆ

ಮರ್ಯಾದೆ ಕೊಟ್ಟರೆ ಸಿಟ್ಟು ಬರುವ ಜನರೂ ಇದ್ದಾರೆ ಸ್ವಾಮಿ. ನಾನೇ ಇದ್ದೆನಲ್ಲ!

ರಾಜ್ಯ ಒಂದಾದ ಹೊಸತರಲ್ಲಿ ತುಮಕೂರಿನಿಂದ ಮೇಷ್ಟ್ರಾಗಿ ಹೊರಟವನು ಶಿರಸಿಯಲ್ಲಿಳಿದು ಮಾಸ್ತರನಾದೆ. ತಲೆಯಲ್ಲಿ ಒಂದಿಷ್ಟು ಸಮಾಜಶಾಸ್ತ್ರ, ಕಂಕುಳಲ್ಲಿ ಹಾಸಿಗೆ ಸುರುಳಿ. ಬಾಡಿಗೆಗೆ ಕೋಣೆ ಕೊಟ್ಟವರು ಕಿರಾಣಿ ಅಂಗಡಿಯ ಗಂಗವ್ವ. ಇಬ್ಬರದೂ ವಿಭೂತಿಯ ಮನೆತನವೇ. ಆದರೂ ನಾನು ಅವರಿಗೆ 'ಮೈಸೂರು ಮಾಸ್ತರ'. ತುಮಕೂರು ಎಂದು ಎಷ್ಟು ಬಡಿದುಕೊಂಡರೂ ಅವರ ಪಾಲಿಗೆ ಆ ಕಡೆಯದೆಲ್ಲ ಮೈಸೂರೇ.

ಸಮಾಜಶಾಸ್ತ್ರದಲ್ಲಿ ಒಳಗುಂಪು, ಹೊರಗುಂಪು ಎಂದಿದೆ. 'ನಾವು' ಎನ್ನುವಾಗ ಯಾರನ್ನು ಸೇರಿಸಿಕೊಳ್ಳುತ್ತೇವೋ ಅವರು ಒಳಗೆ, ಮಿಕ್ಕವರು ಹೊರಗೆ. ಇಷ್ಟು ಹೇಳಿ ಪುಸ್ತಕ ಜಾರಿಕೊಳ್ಳುತ್ತದೆ. ಒಳಗೆ ಹೋಗುವ ಬಾಗಿಲೆಲ್ಲಿ ಎಂದು ಹೇಳುವುದೇ ಇಲ್ಲ. ನಾನು ಅದನ್ನು ಪತ್ತೆ ಮಾಡಿದ್ದು ಊಟದ ಪಂಕ್ತಿಯಲ್ಲಿ. ಗಂಗವ್ವನ ಮನೆಯ ಕಾರ್ಯಗಳಲ್ಲಿ ಹೊರಗಿನವರು ಉಣ್ಣುತ್ತಾರೆ, ಒಳಗಿನವರು ಬಡಿಸುತ್ತಾರೆ. ನನ್ನನ್ನಂತೂ ಎಲ್ಲರಿಗಿಂತ ಮೊದಲು "ಬರ್ರಿ ಸರ, ಕುಂದರ್ರಿ" ಎಂದು ಮಣೆಗೆ ಕರೆಯುವರು. ಸಾರಿನ ಬಕೆಟ್ಟಿಗೆ ಕೈಹಾಕಿದರೆ "ಅಯ್ಯ, ನೀವ್ಯಾಕ್ರಿ!" ಎಂದು ಕಸಿದುಕೊಳ್ಳುವರು. ಬಡಿಸುವವರು ಒಬ್ಬರನ್ನೊಬ್ಬರು ಬೈದುಕೊಂಡು ನಗುವಾಗ ನಾನು ಗೌರವಾನ್ವಿತನಾಗಿ ಹೋಳಿಗೆ ಮುರಿಯುತ್ತ ಕೂತಿರಬೇಕು. ಹೊಟ್ಟೆ ತುಂಬುತ್ತಿತ್ತು, ಅಳು ಬರುತ್ತಿತ್ತು. ಇಡೀ ಊರಲ್ಲಿ ನನ್ನನ್ನು ಬೈಯುವವರು ಒಬ್ಬರೂ ಇರಲಿಲ್ಲ.

ಹೀಗೇ ಕೆಲವು ವರ್ಷ ಕಳೆದು ಗಂಗವ್ವನ ಮೊಮ್ಮಗನ ತೊಟ್ಟಿಲ ಕಾರ್ಯ ಬಂತು. ಜನವೋ ಜನ. ನಾನು ಎಂದಿನಂತೆ ಮರ್ಯಾದೆ ಸ್ವೀಕರಿಸಲು ಬಾಗಿಲಲ್ಲಿ ನಿಂತಿದ್ದೆ. ಒಳಗಿನಿಂದ ಗಂಗವ್ವ ಗದರಿದರು: "ಏ ಮಾಸ್ತರ! ಕಂಬದಂಗ ನಿಂತೀಯಲ್ಲ, ಕಣ್ಣು ಕಾಣಂಗಿಲ್ಲೇನು? ಎಲಿ ಮ್ಯಾಲೆ ಅನ್ನ ಆರಾಕತ್ತೈತಿ, ಸಾರು ತಗೊಂಡು ಹೋಗು!"

ಅಬ್ಬಾ, ಕಿವಿ ತಂಪಾಯಿತು! ಪಂಚೆ ಎತ್ತಿ ಕಟ್ಟಿ ಓಡಿದೆ. ಅರ್ಧ ಸಾರು ನನ್ನ ಪಾದಕ್ಕೇ ಬಡಿಸಿಕೊಂಡು, ಅದಕ್ಕೂ ಬೈಸಿಕೊಂಡೆ.

ಕೊನೆಗೆ ಮನೆಯವರ ಪಂಕ್ತಿ ಕೂತಿತು, ನಾನೂ ಕೂತೆ. ಎಲೆಯಲ್ಲಿ ಹೋಳಿಗೆಯೇ ಇಲ್ಲ. ಕೇಳಿದರೆ ಗಂಗವ್ವ, "ಮನಿ ಮಂದಿಗೆ ಎಲ್ಲಿ ಉಳೀತೈತೋ?" ಎಂದು ನಕ್ಕರು. ಆ ಮಾತಿನ ಮುಂದೆ ಹೋಳಿಗೆ ಯಾವ ಲೆಕ್ಕ!

ಅಷ್ಟರಲ್ಲಿ, ಮೊದಲ ಪಂಕ್ತಿಯಲ್ಲಿ ಉಂಡೆದ್ದ ಹೊಸ ಪೋಸ್ಟ್‌ಮಾಸ್ತರರು ಬಂದರು. ಕೋಲಾರದವರು, ಊರಿಗೆ ಬಂದು ತಿಂಗಳೂ ಆಗಿರಲಿಲ್ಲ. "ನಾನು ಬಡಿಸ್ತೀನಿ" ಎಂದು ಮೆಲ್ಲಗೆ ಬಕೆಟ್ಟಿಗೆ ಕೈ ಚಾಚಿದರು.

"ಅಯ್ಯ, ನೀವ್ಯಾಕ್ರಿ ಸರ! ಕುಂದರ್ರಿ!"

ಎಲ್ಲರಿಗಿಂತ ಮೊದಲು ಎದ್ದು ಬಕೆಟ್ ಕಸಿದುಕೊಂಡವನು ನಾನು. ಅವರ ಮುಖ ಸಪ್ಪಗಾಯಿತು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಕೆಟ್ ಮಾತ್ರ ಬಿಡಲಿಲ್ಲ.