ಮನೆಗೆ ಬಂದ ಯಂತ್ರಕ್ಕೆ ಮರ್ಯಾದೆ

ಮನುಷ್ಯನಿಗೂ ಯಂತ್ರಕ್ಕೂ ಇರುವ ಸಂಬಂಧವೇ ಈ ಕಾಲದ ಅತಿ ಗಹನವಾದ ಪ್ರಶ್ನೆ. ಆ ಪ್ರಶ್ನೆಯನ್ನು ಹೊತ್ತುಕೊಂಡು ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಕಾಮಸಮುದ್ರದ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಸೀಟು ಸಿಗಲಿಲ್ಲ.

ನನ್ನದು ನಲವತ್ತು ದಾಟಿದ ಮೇಲೆ ಹಿಡಿದ ಪಿಎಚ್‌.ಡಿ. ಎಲೆಯ ಫೋಟೋ ನೋಡಿ ರೋಗ ಹೇಳುವ, ತಪ್ಪು ತಿದ್ದಿದರೆ ಕಲಿತುಕೊಳ್ಳುವ ಯಂತ್ರವೊಂದು ನನ್ನ ಫೋನಿನಲ್ಲಿತ್ತು. ಜನ ಅದನ್ನು ಹೇಗೆ ತಿದ್ದುತ್ತಾರೆ ಎಂಬುದೇ ನನ್ನ ಸಂಶೋಧನೆ. ತೊಂದರೆ ಒಂದೇ, ಯಾರೂ ತಿದ್ದುತ್ತಿರಲಿಲ್ಲ. ಹೋದ ಮನೆಯಲ್ಲೆಲ್ಲ "ಸರಿ" ಎಂಬ ಗುಂಡಿಯನ್ನೇ ಒತ್ತುತ್ತಿದ್ದರು. ಇಷ್ಟು ಒಮ್ಮತ ದೇವರಿಗೂ ಸಿಕ್ಕಿದ್ದಿಲ್ಲ. "ಈ ತಿಂಗಳೊಳಗೆ ಒಂದಾದರೂ ತಿದ್ದುಪಡಿ ತನ್ನಿ, ಇಲ್ಲವೇ ವಿಷಯ ಬದಲಿಸಿ," ಎಂದಿದ್ದರು ಮಾರ್ಗದರ್ಶಕರು. ಮೂರು ವರ್ಷದ ಕೆಲಸ ಒಂದು ಗುಂಡಿಯ ಮೇಲೆ ನಿಂತಿತ್ತು.

ಆ ದಿನ ಹೋದದ್ದು ಕೂಲಿ ಮಾಡುವ ಒಬ್ಬ ಅಜ್ಜಿಯ ಮನೆಗೆ. ಹಿತ್ತಲ ಅವರೆ ಗಿಡದ ಎಲೆಯ ಮೇಲೆಲ್ಲ ಬಿಳುಪು. ಯಂತ್ರ ವಾರ್ತೆ ಓದುವ ಗತ್ತಿನಲ್ಲಿ, "ಶಿಲೀಂಧ್ರ ರೋಗ. ತಕ್ಷಣ ಔಷಧಿ ಸಿಂಪಡಿಸಿ," ಎಂದಿತು. ಅಜ್ಜಿ ಭಕ್ತಿಯಿಂದ ತಲೆದೂಗಿ "ಸರಿ" ಒತ್ತಿದರು. ನಾನು ಫೋನನ್ನು ಚೀಲಕ್ಕೆ ಹಾಕಿ, ಬಾಗಿಲಾಚೆ ಚಪ್ಪಲಿ ಮೆಟ್ಟುತ್ತಿದ್ದೆ. ಒಳಗಿಂದ ಪಕ್ಕದ ಮನೆಯಾಕೆಗೆ ಅಜ್ಜಿ ಹೇಳುವುದು ಕೇಳಿಸಿತು:

"ಒಲೆ ಬೂದಿ ಕಣೇ! ಉಳ ಓಗ್ಲಿ ಅಂತ ಬೆಳಿಗ್ಗೆ ನಾನೇ ಎರಚಿದ್ದು. ಅದುಕ್ಕೂ ರೋಗ ಅಂತೈತೆ!"

"ಅಂಗಾದ್ರೆ ಔಷ್ದಿ ಒಲೇಗೇ ಒಡಿ ಅಕ್ಕಾ!"

ನಾನು ವಾಪಸು ಒಳಗೆ ಹೋದೆ. "ಮತ್ತೆ ಸರಿ ಅಂತ ಯಾಕೆ ಒತ್ತಿದ್ರಿ ಅಜ್ಜೀ?"

ಅಜ್ಜಿ ನನ್ನ ಚೀಲದ ಕಡೆ ನೋಡಿ ದನಿ ತಗ್ಗಿಸಿದರು. "ಅದ್ರ ಮುಂದೇನೇ ಎಂಗೆ ಏಳಾದು ಸಾರ್? ಮನೆಗ್ ಬಂದೈತೆ. ಬಂದೋರ್ನ ತಪ್ಪು ಅನ್ನಕ್ಕಾಯ್ತದಾ?"

"ಅದು ಬೇಜಾರು ಮಾಡಿಕೊಳ್ಳಲ್ಲ ಅಜ್ಜಿ."

"ಅದು ಮಾಡ್ಕಣಲ್ಲ. ನೀವ್ ಮಾಡ್ಕಂತೀರ."



ಮರುದಿನದಿಂದ ಪದ್ಧತಿ ಬದಲಾಯಿತು. ನಾನೂ ಯಂತ್ರವೂ ಬಸ್‌ಸ್ಟಾಪಿನ ಟೀ ಅಂಗಡಿಯಲ್ಲಿ ಮರ್ಯಾದೆಯಿಂದ ಕೂತೆವು. ಹತ್ತನೇ ತರಗತಿ ಓದಿದ್ದ ಆ ಪಕ್ಕದ ಮನೆಯಾಕೆ, ಯಂತ್ರ ಈ ಮೊದಲು ಊರಿನ ಮನೆಗಳಲ್ಲಿ ಹೇಳಿದ್ದನ್ನೆಲ್ಲ ಬರೆದುಕೊಂಡು, ಅದು ನಿಜವೇ ಎಂದು ಮನೆಮನೆಗೆ ಹೋಗಿ ಕೇಳಲು ಹೊರಟರು. ಮಧ್ಯಾಹ್ನಕ್ಕೆ ನೋಟ್‌ಬುಕ್ ತುಂಬಿತ್ತು. ಒಂದು ಕಡೆ "ರೋಗ ಅಲ್ಲ, ಮೇಕೆ ತಿಂದಿರೋದು." ಇನ್ನೊಂದು ಕಡೆ "ಈ ಮಿಷನ್ನು ಒಲ ನೋಡೈತಾ?" ಯಂತ್ರಕ್ಕೆ ಒಂದು ಮಾತಾದರೆ ನನಗೆ ಎರಡು. ಇಷ್ಟು ಸಂತೋಷದಿಂದ ನಾನು ಎಂದೂ ಬೈಸಿಕೊಂಡಿರಲಿಲ್ಲ.

"ಸಂಶೋಧಕ ಮತ್ತು ಯಂತ್ರ, ಇಬ್ಬರ ಗೈರುಹಾಜರಿಯಲ್ಲಿ ಮಾಹಿತಿ ಸಂಗ್ರಹ" ಎಂದು ತಲೆಬರಹ ಕೊಟ್ಟು ಅಧ್ಯಾಯ ಬರೆದೆ; ತಿದ್ದುಪಡಿಗಳನ್ನೆಲ್ಲ ಯಂತ್ರಕ್ಕೂ ಕಲಿಸಿದೆ. ಮಾರ್ಗದರ್ಶಕರು ಮೇಕೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದರು.

ಅಧ್ಯಾಯ ಒಪ್ಪಿಗೆಯಾಯಿತು. ಯಂತ್ರ ಈಗ ರೋಗದ ಹೆಸರು ಹೇಳುವ ಮೊದಲು, ಎಲೆಗೆ ಬೂದಿ ಹಾಕಿದ್ದೀರಾ ಎಂದು ಕೇಳುತ್ತದೆ.