ಅವಳ ಪಾಲಿನ ಟೀ

ಆ ಲೋಟ ಸ್ಟೀಲಿನದೋ ಗಾಜಿನದೋ, ಖಚಿತವಿಲ್ಲ. ಕಂಡಿದ್ದು ಫೋನಿನ ವಿಡಿಯೋದಲ್ಲಿ. ನೆನೆದಾಗಲೆಲ್ಲ ಲೋಟ ಬದಲಾಗುತ್ತದೆ, ಟೀ ಬದಲಾಗುವುದಿಲ್ಲ.

ನಾನು ಕುವೈತಿನ ಆಸ್ಪತ್ರೆಯೊಂದರಲ್ಲಿ ನರ್ಸು. ಕೊಳಾಲದ ಹತ್ತಿರ ನಮ್ಮೂರು. ಅಮ್ಮನಿಗೆ ಲಕ್ವ ಹೊಡೆದ ಮೇಲೆ, ಅವಳಿಗೆ ಸ್ನಾನ ಮಾಡಿಸಲು ಒಬ್ಬ ಹೆಂಗಸನ್ನು ಇಲ್ಲಿಂದಲೇ ಹುಡುಕಿದೆ. ನಮ್ಮ ಕೇರಿಯವರೆಲ್ಲ ಬೆಳಗ್ಗೆಯೇ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ಸಿಕ್ಕವಳು ಊರೊಳಗಿನವಳು. ಅವಳ ಜಾತಿಯವರು ನಮ್ಮ ಕೇರಿಯಲ್ಲಿ ನೀರು ಮುಟ್ಟುವುದಿಲ್ಲ. ಇವಳೂ ಮನೆಯಿಂದಲೇ ನೀರಿನ ಬಾಟಲಿ ತರುತ್ತಿದ್ದಳು.

ಸ್ನಾನವಾದ ಮೇಲೆ ಅಮ್ಮ ಎಡಗೈಯಲ್ಲೇ ಟೀ ಕಾಯಿಸಿ ಅವಳ ಮುಂದಿಡುತ್ತಿದ್ದಳು.

"ಕುಡಿಯಮ್ಮ, ಆರೋಯ್ತದೆ."

"ಇರ್ಲಿ ಬುಡಮ್ಮ, ಆಮ್ಯಾಕೆ ಕುಡೀತೀನಿ."

ಅವಳು ಬಟ್ಟೆ ಒಗೆಯಲು ಹಿತ್ತಲಿಗೆ, ಅಮ್ಮ ತಲೆ ಆರಿಸಿಕೊಳ್ಳಲು ಗೋಡೆ ಹಿಡಿದುಕೊಂಡು ಬಿಸಿಲಿಗೆ.

ಇದೆಲ್ಲ ನನಗೆ ತಿಳಿದದ್ದು ಅಪ್ಪನ ಶುಗರ್ ಏರಿದಾಗ.

"ಏನಪ್ಪಾ ಕದ್ದು ತಿಂತಿದೀಯ? ಮೇಷ್ಟ್ರಾಗಿದ್ದೋನು ನೀನು!"

"ತಿಂತಿಲ್ಲ ಕಣಮ್ಮ, ಕುಡೀತಿದೀನಿ." ಅಪ್ಪ ಫೋನು ಹಿಡಿದು ಬೇವಿನ ಮರದವರೆಗೆ ನಡೆದ. "ನಿಮ್ಮಮ್ಮ ಬಂದು ನೋಡೋದ್ರೊಳಗೆ, ಸ್ನಾನ ಮಾಡ್ಸೋಳು ಕುಡೀದೆ ಬಿಟ್ಟ ಲೋಟ ಖಾಲಿಯಾಗ್ಬೇಕಲ್ಲ."

"ಅವಳನ್ನ ಬಿಡಿಸ್ಬುಡು. ಬೇರೆಯವರನ್ನ ನೋಡ್ತೀನಿ."

"ಯಾರ್ನ ನೋಡ್ತೀಯ ಅಲ್ಲಿ ಕೂತ್ಕೊಂಡು? ಬಚ್ಚಲಲ್ಲಿ ನಿಮ್ಮಮ್ಮನ್ನ ಎತ್ತೋಕೆ ನನ್ ಕೈಲಾಗಲ್ಲ. ಅವಳು ಮಗೀನ ಎತ್ತಿದಂಗೆ ಎತ್ತಾಳೆ. ಮೈ ಮುಟ್ತಾಳೆ, ಲೋಟ ಮುಟ್ಟಲ್ಲ. ಅಷ್ಟೇಯ."

'ಅಷ್ಟೇಯ' ಎಂದನೋ, ಆಮೇಲೆ ನಾನು ಸೇರಿಸಿಕೊಂಡೆನೋ.

ಅಮ್ಮನಿಗೆ ಗೊತ್ತಿರಲಿಲ್ಲವೇ? ಆಯಸ್ಸೆಲ್ಲ ಅದೇ ಊರಲ್ಲಿ ಕಳೆದವಳಿಗೆ? ಗೊತ್ತಿತ್ತು ಎಂದು ಬರೆದೆ, ಹೊಡೆದುಹಾಕಿದೆ. ಗೊತ್ತಿರಲಿಲ್ಲ ಎಂದು ಬರೆದೆ, ಅದೂ ನಿಲ್ಲಲಿಲ್ಲ. ಕೇಳೋಣವೆಂದರೆ ಈಗ ಅಮ್ಮನೇ ಇಲ್ಲ.

ಅವತ್ತು ಕೇಳಬಹುದಿತ್ತು. ನರ್ಸಿನ ಬುದ್ಧಿ, ಬೇರೆಯೇ ಹೇಳಿದೆ.

"ಅಮ್ಮಾ, ಅವಳ ಟೀಗೆ ಸಕ್ಕರೆ ಹಾಕ್ಬೇಡ. ಅವಳಿಗೆ ಸಿಹಿ ಸೇರಲ್ವಂತೆ."

"ಸೇರಲ್ವಾ? ಇವತ್ತೂನು ಒಂದ್ ಹನಿ ಬಿಡ್ದಂಗೆ ಕುಡ್ದವ್ಳೆ!" ಅಮ್ಮ ಲೋಟವನ್ನು ಫೋನಿನ ಮುಂದೆ ಬೋರಲು ಹಿಡಿದಳು. ಲಕ್ವದಿಂದ ಸೊಟ್ಟಗಾದ ಬಾಯಿ ನಗುತ್ತಿತ್ತು. "ನೋಡೇ. ಮನೆಗ್ ಬಂದೋಳಿಗೆ ಸಪ್ಪೆ ಟೀ ಕೊಡ್ತಾರೇನೇ?"

ಅಮ್ಮನ ಹಿಂದೆ ಅಪ್ಪ ಟವೆಲಿನಿಂದ ಮೀಸೆ ಒರೆಸಿಕೊಳ್ಳುತ್ತಿದ್ದ.