ಷರೀಫನ ಹೆಬ್ಬೆರಳು

ಗೌರಿಬಿದನೂರಿನಿಂದ ಕುಡುಮಲಕುಂಟೆಗೆ ಹೋಗುವ ರಸ್ತೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕಾರು ರಿಪೇರಿ ಮಾಡುವ ಷರೀಫ್ ಒಳ್ಳೆಯ ಮನುಷ್ಯನೆಂದು ಯಾರೂ ಹೇಳಿದ್ದಿಲ್ಲ. ಒಳ್ಳೆಯ ಮೆಕ್ಯಾನಿಕ್ ಎಂದು ಎಲ್ಲರೂ ಹೇಳುತ್ತಿದ್ದರು. ಅವನಿಗೆ ಅಷ್ಟು ಸಾಕಾಗಿತ್ತು.

ಹುಟ್ಟಿದ್ದು ಶಿಡ್ಲಘಟ್ಟದಲ್ಲಿ. ತಾಯಿ ಮೆಹಬೂಬ್ ಬೀ ಬಿಸಿನೀರಿನಲ್ಲಿ ಬೆಂದ ಗೂಡುಗಳಿಂದ ರೇಷ್ಮೆಯ ಎಳೆ ತೆಗೆಯುತ್ತಿದ್ದಳು. ಆ ಕೆಲಸ ಬೇಡವೆಂದು ಮಗ ಚಿಂತಾಮಣಿಯ ಗ್ಯಾರೇಜೊಂದಕ್ಕೆ ಸೇರಿಕೊಂಡ. ಅಲ್ಲಿ ಹೊಡೆಸಿಕೊಂಡು ಕಲಿತ, ಮುಂದೆ ಹೊಡೆದು ಕಲಿಸಿದ. ಸ್ವಂತ ಮಗ ಶೋಯೆಬ್‌ಗೆ ಎರಡು ಪಟ್ಟು ಹೊಡೆದ.

ಅವನ ಹೆಮ್ಮೆಯೆಲ್ಲ ಬಲಗೈ ಹೆಬ್ಬೆರಳಿನಲ್ಲಿತ್ತು. ಬಿಚ್ಚಿದ ಇಂಜಿನ್ನನ್ನು ಮತ್ತೆ ಕಟ್ಟುವಾಗ, ಒಂದನೇ ಸಿಲಿಂಡರಿನ ಪಿಸ್ಟನ್ ಗಾಳಿಯನ್ನು ಒತ್ತಿಕೊಂಡು ಮೇಲೆ ಬರುವ ಗಳಿಗೆಯನ್ನು ಹಿಡಿಯಬೇಕು. ಕಿಡಿ ಬೀಳಬೇಕಾದದ್ದು ಆಗಲೇ. ಅದೇ ಪಿಸ್ಟನ್ ಹೊಗೆಯನ್ನು ಹೊರಗೆ ತಳ್ಳುವುದಕ್ಕೂ ಒಮ್ಮೆ ಮೇಲೆ ಬರುತ್ತದೆ. ಆಗ ಕಿಡಿ ಬಿದ್ದರೆ ಇಂಜಿನ್ ಸೀನುತ್ತದೆಯೇ ಹೊರತು ಓಡುವುದಿಲ್ಲ. ಷರೀಫ್ ಪ್ಲಗ್ಗಿನ ತೂತಿನ ಮೇಲೆ ಹೆಬ್ಬೆರಳಿಟ್ಟು, ಕಣ್ಣು ಮುಚ್ಚಿ, ಗಾಳಿ ಬೆರಳನ್ನು ನೂಕುವುದನ್ನು ಕಾಯುತ್ತಿದ್ದ. ವಾಲ್ವುಗಳ ಚಲನೆ ನೋಡಿಯೂ ತಿಳಿಯಬಹುದು. ಅದು ಕೈಯಲ್ಲಿ ಜೀವವಿಲ್ಲದವರ ದಾರಿ ಎಂದು ಅವನು ಹಂಗಿಸುತ್ತಿದ್ದ.

ಸಕ್ಕರೆ ಕಾಯಿಲೆ ಕಾಲಿನಿಂದ ಕೈಗೆ ಬಂದು ಬೆರಳ ತುದಿಗಳನ್ನು ಮರಗಟ್ಟಿಸಿತು. ಷರೀಫ್ ಯಾರಿಗೂ ಹೇಳಲಿಲ್ಲ. ತಂದೆ ಬಿಸಿ ಸೈಲೆನ್ಸರಿನ ಮೇಲೆ ಕೈಯಿಟ್ಟು ಹಾಗೇ ಮಾತಾಡುತ್ತ ನಿಂತದ್ದನ್ನು ಶೋಯೆಬ್ ಒಮ್ಮೆ ಕಂಡ. ಇನ್ನು ಇಂಜಿನ್ ಮುಟ್ಟಬೇಡಿ ಎಂದ. ಜಗಳ ಬೆಳೆದು ಕೊನೆಗೆ ಒಂದು ಮಾತಾಯಿತು. ನಗರಗೆರೆಯ ವೆಂಕಟರವಣಪ್ಪನ ಹಳೇ ಅಂಬಾಸಿಡರ್ ಇಂಜಿನ್ ಕೆಲಸಕ್ಕೆ ಬಂದಿತ್ತು. ಷರೀಫ್ ಒಬ್ಬನೇ ಅದನ್ನು ಕಟ್ಟಬೇಕು. ಸ್ಟಾರ್ಟ್ ಆದರೆ ಶೆಡ್ಡು ಅವನ ಮಾತಿನಂತೆ ನಡೆಯುತ್ತದೆ. ಆಗದಿದ್ದರೆ ಅವನು ಮತ್ತೆಂದೂ ಇಂಜಿನ್ನಿಗೆ ಕೈ ಹಾಕುವಂತಿಲ್ಲ.

ಕಟ್ಟಿ ಮುಗಿದ ದಿನ ಕೆಲಸಗಾರ ಜಗನ್ ಕೀ ತಿರುಗಿಸಿದ. ಇಂಜಿನ್ ಗರಗರ ಸುತ್ತಿತು, ಕಾರ್ಬುರೇಟರಿನಿಂದ ಒಂದು ಸೀನು ಬಂತು, ನಿಂತಿತು.

"ಕೆಮ್ತೈತೆ, ಏಳ್ತಾ ಇಲ್ಲ. ನಮ್ಮತ್ತೆ ಕೊನೇಗೆ ಹಿಂಗೇ ಇದ್ಲು ಸಾಬ್ರೇ," ಎಂದ ವೆಂಕಟರವಣಪ್ಪ.

"ಸುಮ್ನಿರ್ರೀ ಯಜಮಾನ್ರೇ. ಪಿಸ್ಟನ್‌ಗೆ ಹೊಸ ರಿಂಗು, ಬಿಗಿ ಇರ್ತೈತೆ," ಎಂದು ಷರೀಫ್ ಗದರಿದ.

ಷರೀಫ್ ಪ್ಲಗ್ ಬಿಚ್ಚಿ ನೋಡಿದ, ಕಿಡಿ ಚೆನ್ನಾಗಿತ್ತು. ಪೆಟ್ರೋಲ್ ಬರುತ್ತಿತ್ತು. ವೈರುಗಳು ಸರಿಯಾದ ಕ್ರಮದಲ್ಲೇ ಇದ್ದವು. ಕಾರ್ಬುರೇಟರನ್ನೇ ಇಳಿಸಿ ತೊಳೆದು ಹಾಕಿದ. ಮತ್ತೆ ಸೀನು. ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು.

ಮೊದಲನೆಯ ಸೀನಿಗೇ ಶೋಯೆಬ್‌ಗೆ ಕಾರಣ ಗೊತ್ತಾಗಿತ್ತು. ಅವನು ಟೈರಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದ.

"ಏನಾಗೈತೆ ಹೇಳ್‌ಬಾರ್ದೇನೋ ನಿಮ್ಮಪ್ಪಂಗೆ?" ಎಂದು ವೆಂಕಟರವಣಪ್ಪ ಕೇಳಿದ.

"ಹೇಳ್ಕೊಟ್ರೆ ಬುದ್ಧಿ ಬರಲ್ಲ ಅಂತ ಅಬ್ಬಾನೇ ಹೇಳ್ತಿದ್ರು. ಹುಡುಕ್ಲಿ ಬಿಡಿ."

ಬ್ಯಾಟರಿ ಸೋತು ಕೀ ತಿರುಗಿಸಿದರೆ ಟಕ್ ಎನ್ನುವ ಸದ್ದು ಮಾತ್ರ ಉಳಿಯಿತು. ಆಗ ಶೋಯೆಬ್ ಎದ್ದು ಬಂದ.

"ಟೈಮಿಂಗ್ ಸರಿಯಾಗೈತಾ ಅಬ್ಬಾ?"

"ನನ್ನೇ ಕೇಳ್ತೀಯೇನೋ? ಈ ಬೆರಳೇ ನೋಡಿ ಕೂರ್‌ಸಿರೋದು."

"ಹಂಗಾದ್ರೆ ಇನ್ನೊಂದ್ಸಲ ನೋಡಣ. ಎಲ್ರೂ ಬನ್ನಿ."

ಒಂದನೇ ಪ್ಲಗ್ ಬಿಚ್ಚಿದರು. ಷರೀಫ್ ತೂತಿನ ಮೇಲೆ ಹೆಬ್ಬೆರಳಿಟ್ಟು ಕಣ್ಣು ಮುಚ್ಚಿದ. ಇಂಜಿನ್ನನ್ನು ಕೈಯಿಂದ ಸುತ್ತುವ ಸ್ಪ್ಯಾನರ್ ಹಿಡಿದು ಶೋಯೆಬ್ ಮುಂದೆ ಬಗ್ಗಿದ.

"ತಿರುಗಿಸ್ತಾ ಇದೀನಿ. ಗಾಳಿ ಬಂತಾ?"

"ಇನ್ನೂ ಸ್ವಲ್ಪ ತಿರುಗ್ಸು. ಹಾಂ, ಬಂತು. ನಿಲ್ಸು."

"ಜೋರಾಗ್ ಬಂತಾ ಅಬ್ಬಾ?"

"ಬೆರಳು ಎತ್ತಿ ಬಿಸಾಕ್ತು ಕಣೋ. ಇನ್ನೇನ್ ಬೇಕು?"

ಜಗನ್‌ಗೆ ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕುಬಿಟ್ಟ. ಷರೀಫ್ ಕಣ್ಣು ತೆರೆದ. ಸ್ಪ್ಯಾನರ್ ನೆಲದ ಮೇಲೆ ಬಿದ್ದಿತ್ತು. ಶೋಯೆಬ್ ಕೈಕಟ್ಟಿ ನಿಂತಿದ್ದ. ಇಂಜಿನ್ನನ್ನು ಯಾರೂ ತಿರುಗಿಸಿರಲಿಲ್ಲ.

"ಏಮಿ ಸಾಬ್ರೇ," ಎಂದ ವೆಂಕಟರವಣಪ್ಪ ಹೊಟ್ಟೆ ಹಿಡಿದುಕೊಂಡು, "ಗಾಳಿ ಯಾವ್ ಕಡೆಯಿಂದ ಬಂತು?"

ಷರೀಫ್ ಹೆಬ್ಬೆರಳನ್ನು ತೂತಿನಿಂದ ತೆಗೆಯಲಿಲ್ಲ. ಶೋಯೆಬ್‌ನೇ ಅವನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದ. ವಾಲ್ವು ನೋಡಿಕೊಂಡು ಇಂಜಿನ್ ತಿರುಗಿಸಿ ನಿಲ್ಲಿಸಿದ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದ, ಬೇರೆ ಬ್ಯಾಟರಿ ಹಾಕಿಸಿದ. ಕೀ ತಿರುಗಿಸುತ್ತಲೇ ಅಂಬಾಸಿಡರ್ ಎದ್ದಿತು. ಅದರ ಸದ್ದು ಎಷ್ಟು ನಯವಾಗಿತ್ತೆಂದರೆ ವೆಂಕಟರವಣಪ್ಪ ಬಾನೆಟ್ಟಿಗೆ ಕೈಮುಗಿದ.

"ಮಗಾ, ನಿನ್ ಕೈಗೆ ಚಿನ್ನದ್ ಕಡಗ ಹಾಕ್ಬೇಕು ಕಣೋ!"

ಪಿಸ್ಟನ್, ಬೇರಿಂಗು, ವಾಲ್ವು, ಎಲ್ಲವನ್ನೂ ಕೂರಿಸಿದ್ದವನು ಷರೀಫ್. ಆ ನಯ ಅವನದೇ. "ಒಳಗಿನ ಕೆಲ್ಸ ಎಲ್ಲ ನಂದು," ಎಂದು ಅವನು ಹೇಳಿದ. ಆಗಲೇ ಶೋಯೆಬ್ ಆಕ್ಸಿಲರೇಟರ್ ಒತ್ತಿದ್ದರಿಂದ ಯಾರಿಗೂ ಕೇಳಿಸಲಿಲ್ಲ. ಕೇಳಿಸಿದ್ದರೂ ಯಾರೂ ಒಪ್ಪುತ್ತಿರಲಿಲ್ಲ.

ಜಗನ್ ಈ ಕಥೆಯನ್ನು ಊರ ಟೀ ಅಂಗಡಿಗಳಲ್ಲೆಲ್ಲ ಅಭಿನಯಿಸಿ ತೋರಿಸಿದ. ಕಾರಿಗೆ ಗಾಳಿ ತುಂಬಿಸಲು ಬಂದವರು ಕೂಡ ಈಗ ಷರೀಫನ ಮುಂದೆ ಹೆಬ್ಬೆರಳೆತ್ತಿ "ಬಂತಾ?" ಎನ್ನುತ್ತಾರೆ. ಅವನು ಆಡಿದ ಮಾತಿಗೆ ತಪ್ಪಲಿಲ್ಲ. ಶೆಡ್ಡಿನ ಹಿಂದೆ ಡೀಸೆಲ್ ತುಂಬಿದ ತಟ್ಟೆಯ ಮುಂದೆ ಕೂತು, ಮಗ ಬಿಚ್ಚಿ ಕೊಟ್ಟ ಭಾಗಗಳನ್ನು ತೊಳೆಯುತ್ತಾನೆ. ತಟ್ಟೆಯ ತಗಡಿನ ಅಂಚು ಬೆರಳನ್ನು ಕೊಯ್ದರೆ ಡೀಸೆಲ್ ಕೆಂಪಾಗುವ ತನಕ ಅವನಿಗೆ ತಿಳಿಯುವುದಿಲ್ಲ.

ಮೊನ್ನೆಯೂ ಹಾಗೆ ಕೊಯ್ದಿತ್ತು. ಶೋಯೆಬ್ ಬಂದು ತಟ್ಟೆಯೊಳಗೆ ಇಣುಕಿ ನೋಡಿದ.

"ಪಿಸ್ಟನ್‌ಗೆಲ್ಲ ರಕ್ತ ಮೆತ್ತೈತೆ ನೋಡಿ ಅಬ್ಬಾ," ಎಂದ. "ಇನ್ನೊಂದ್ಸಲ ತೊಳೀರಿ."